ಕುದುರಿತು ಎನ್ನುವ ಮಾತು

ಜಾವಗಲ್
12-1-2025, ಭಾನುವಾರ

ಪ್ರೀತಿಯ ಅತ್ತೆಗೆ, ಸೊಸೆ ಸಿರಿಯ ನಮಸ್ಕಾರಗಳು.

ಗಂಟಲಿನ ನೋವು ಹೇಗಿದೆ? ಗಂಜಿ ಇಳಿಯುತ್ತಿದೆಯಾ? ಆಪರೇಷನ್ ಆದ ಮೇಲೆ ಒಂದು ತಿಂಗಳು ಮಾತಾಡಬಾರದು ಅಂದರಂತೆ, ಅದಕ್ಕೇ ಫೋನು ಬಿಟ್ಟು ಬರೆಯುತ್ತಿದ್ದೇನೆ. ಹಾಸನದಲ್ಲಿ ಅತ್ತಿಗೆಯ ಮನೆಯಲ್ಲಿ ಬಾಯಿ ಮುಚ್ಚಿ ಕೂರುವುದು ನಿಮಗೆ ಎಷ್ಟು ಕಷ್ಟವೋ! ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ತಪ್ಪಿದ್ದರೆ ನಗಬೇಡಿ. ನಗುವುದೂ ಗಂಟಲಿಗೆ ಒಳ್ಳೆಯದಲ್ಲವಂತೆ.

ನಿನ್ನೆ ತೆಂಗಿನಕಾಯಿ ವ್ಯಾಪಾರಿ ದೇವೀರಪ್ಪನವರು ತೋಟದ ಮಾತಿಗೆ ಬಂದಿದ್ದರು. ದರ ಚೆನ್ನಾಗಿಯೇ ಹೇಳಿದರು. ಆದರೆ ಕಾಯಿ ಕೀಳಲು ತಮ್ಮ ಆಳುಗಳೇ ಬರುತ್ತಾರೆ, ಗಿಡ್ಡಯ್ಯ ಬೇಡ ಅಂದರು. ನಿಮ್ಮ ಮಗ ಆಗಲಿ ಅಂದುಬಿಟ್ಟರು. ನೀವು ಮದುವೆಯಾಗಿ ಬಂದಾಗಿನಿಂದ ನಮ್ಮ ಮರ ಹತ್ತುವ ಗಿಡ್ಡಯ್ಯ ಅಲ್ಲೇ ಜಗಲಿಯಲ್ಲಿದ್ದ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಗಂಡಸರು ಏನೇ ಒಪ್ಪಲಿ, ನಮ್ಮ ಮನೆಯಲ್ಲಿ ಹೆಂಗಸು ಕುದುರಿತು ಅನ್ನದೆ ವ್ಯಾಪಾರ ಮುಗಿಯುವುದಿಲ್ಲ ಎಂದು ದೇವೀರಪ್ಪನವರಿಗೂ ಗೊತ್ತಲ್ಲ. "ಹೇಳವ್ವ, ಕುದುರ್ತಾ?" ಎಂದು ಬಾಗಿಲ ಕಡೆ ತಿರುಗಿದರು. ನಾನು ಬಾಗಿಲ ಹಿಂದೆ ಸೆರಗು ಹಿಂಡುತ್ತಿದ್ದೆ. ನೀವು ಒಮ್ಮೆ ಹೇಳಿದ್ದಿರಿ: "ಬೆಲೆ ಒಪ್ಪಿದ್ರೆ ಚೌಕಾಸಿ ಮುಗೀತು, ಅಷ್ಟೇ ಕಣೇ. ಕೂತೋರೆಲ್ಲ ನಗ್ತಾ ಎದ್ರೆ ಕುದುರ್ತು." ಗಿಡ್ಡಯ್ಯನ ಮುಖ ನೋಡಿದೆ. "ಇನ್ನೂ ಕುದುರಿಲ್ಲ" ಅಂದೆ. "ಗಿಡ್ಡಯ್ಯನೇ ಕೀಳ್ಬೇಕು." ನನ್ನ ದನಿ ನನಗೇ ಗುರುತು ಸಿಗಲಿಲ್ಲ. ದೇವೀರಪ್ಪನವರು, "ರುದ್ರಕ್ಕನ ಗಂಟ್ಲು ಆಸ್ಪತ್ರೇಲೈತೆ ಅಂದ್ಕಂಡಿದ್ದೆ, ಸೊಸೆ ಹತ್ರ ಬಿಟ್ಟೋಗವ್ರೆ ಕಣಯ್ಯ" ಎಂದು ಗೊಣಗಿ ಬೈಕ್ ಹತ್ತಿ ಹೋದರು. ನಿಮ್ಮ ಮಗ ಆಮೇಲೆ ನನ್ನ ಹತ್ತಿರ ಮಾತಾಡಿಲ್ಲ. ಒಳ್ಳೆಯ ವ್ಯಾಪಾರ ಕೆಡಿಸಿದೆನೇನೋ ಎಂದು ಭಯ ಅತ್ತೆ. ನೀವಿದ್ದಿದ್ದರೆ ಏನು ಮಾಡುತ್ತಿದ್ದಿರೋ.

ಅತ್ತಿಗೆಗೆ ನಮಸ್ಕಾರ. ಮಕ್ಕಳಿಗೆ ನನ್ನ ಲೆಕ್ಕದಲ್ಲಿ ಒಂದೊಂದು ಮುತ್ತು ಕೊಡಿ, ಅದಕ್ಕೆ ಮಾತು ಬೇಕಿಲ್ಲ.

ನಿಮ್ಮ
ಸಿರಿ

ಮತ್ತೆ: ಕಾಗದ ಅಂಟಿಸುವಷ್ಟರಲ್ಲಿ ದೇವೀರಪ್ಪನವರು ತಿರುಗಿ ಬಂದರು. ಕೀಳುವುದು ಗಿಡ್ಡಯ್ಯ, ಲಾರಿಗೆ ತುಂಬುವುದು ಅವರ ಆಳುಗಳು, ದರ ನಿನ್ನೆ ಹೇಳಿದ್ದೇ. ಗಿಡ್ಡಯ್ಯ ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡೇ ನಕ್ಕ, ನಿಮ್ಮ ಮಗನೂ ನಕ್ಕರು. ನಿಮ್ಮನ್ನು ಕೇಳದೆ ನಾನೇ ಕುದುರಿತು ಅಂದುಬಿಟ್ಟೆ, ಅತ್ತೆ. ಅದು ನೀವು ಆಡಬೇಕಾದ ಮಾತು. ಬೇಜಾರಾಗಿದ್ದರೆ ಬೇಗ ಬಂದು ಬೈಯಿರಿ, ಬೀದಿಗೆಲ್ಲ ಕೇಳುವ ಹಾಗೆ ಬೈಯಿರಿ.