ಐದು ಸಲ, ಹೊಟ್ಟೆ ತುಂಬ

ಸಫರ್ 18, ಅಸರ್ ನಮಾಜಿನ ನಂತರ

ಪುದೀನ ಚಹಾ, ಎರಡನೆಯ ಲೋಟ. ಪುಟ ನಲವತ್ತೊಂದು. ಇದುವರೆಗೆ ಕಂಡ ತಪ್ಪುಗಳು ಏಳು. ಅಲ್ಪವಿರಾಮ ಎಲ್ಲಿ ಬರಬೇಕೆಂಬುದು ಈ ಲೇಖಕನಿಗೆ ತಿಳಿಯದು. ಕೆಂಪು ಪೆನ್ಸಿಲಿನಲ್ಲಿ ತಿದ್ದಿದ್ದೇನೆ.

ಪ್ರವಾದಿಯವರ ಜೀವನಚರಿತ್ರೆ, ಹೊಸ ಪುಸ್ತಕ. ವಿದಾದ್ ತಂದುಕೊಟ್ಟಳು. “ಓದಿ ನೋಡು ಉಮ್ಮಾ, ಕತೆ ಥರ ಓದಿಸ್ಕೊಂಡು ಹೋಗುತ್ತೆ.” ಮದೀನಾದ ಹೆಣ್ಣುಮಕ್ಕಳಿಗೆ ಮೂವತ್ತನಾಲ್ಕು ವರ್ಷ ವ್ಯಾಕರಣದ ಜೊತೆಗೆ ಇದನ್ನೇ ಕಲಿಸಿದವಳಿಗೆ ಮಗಳ ಶಿಫಾರಸು!

ಆದರೂ... ಒಳಗೆ ಲಮಿಯಾಳ ಕೂಸು ದಾನಾ ಅಳುತ್ತಿದ್ದುದು ಕೇಳಿಸಲೇ ಇಲ್ಲ. ಲಮಿಯಾ ಬಂದು ಬೈದಳು. ತಬೂಕಿನಿಂದ ಬಾಣಂತನದ ರಜೆಗೆ ಬಂದ ಚಿಕ್ಕ ಮಗಳು. ಬೈಯುವ ಅಧಿಕಾರವನ್ನೂ ಜೊತೆಗೆ ತಂದಿದ್ದಾಳೆ.

ಸಫರ್ 20

ವಿದಾದ್ ಬಂದಳು. ಮದುವೆಯಾಗಿ ಹದಿಮೂರು ವರ್ಷ, ಮಕ್ಕಳಿಲ್ಲ. ಕುಳಿತವಳೇ ಹೇಳಿಬಿಟ್ಟಳು — ಅನಾಥಾಲಯದಿಂದ ಮಗು ತರುತ್ತಾರಂತೆ. ಗಂಡು, ಮೂರು ತಿಂಗಳದ್ದು. ಗಂಡ ಒಪ್ಪಿದ್ದಾನೆ, ಅನಾಥಾಲಯದ ಕಚೇರಿಯೂ ಒಪ್ಪಿದೆ. ಆಮೇಲೆ ತಂಗಿಯ ಕಡೆ ನೋಡಿದಳು.

“ಲಮಿಯಾ ಐದು ಸಲ ಹೊಟ್ಟೆ ತುಂಬ ಹಾಲು ಕುಡಿಸಿದ್ರೆ ಸಾಕು, ಹಾಲಿನ ನಂಟೂ ರಕ್ತದ ನಂಟಿನ ಹಾಗೇ. ನಾನು ಅವನಿಗೆ ಹಾಲಿನ ದೊಡ್ಡಮ್ಮ ಆಗ್ತೀನಿ. ಇಲ್ದಿದ್ರೆ ದೊಡ್ಡೋನಾದ್ಮೇಲೆ ಅವನು ಪರಗಂಡಸು, ಉಮ್ಮಾ. ನಾನು ಸಾಕಿದ ಮಗನ ಮುಂದೆ ನಾನೇ ಮುಸುಕು ಹಾಕ್ಕೋಬೇಕು.”

“ಯಾರ ಮಗು?”

“ನಂದು.”

“ನಾನು ಕೇಳಿದ್ದು ಅದಲ್ಲ. ಅಪ್ಪ ಯಾರು? ಕುಲ ಯಾವ್ದು?”

“ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.”

ನನ್ನ ತಂದೆ ಕೈಯಾರೆ ಬರೆದ ವಂಶವೃಕ್ಷ, ಹದಿನೇಳು ತಲೆಮಾರಿನದು, ಈ ಕೋಣೆಯ ಗೋಡೆಯ ಮೇಲಿದೆ. ಅದರ ಕೆಳಗೇ ಕುಳಿತು ಕೇಳುತ್ತಿದ್ದಾಳೆ. ಲಮಿಯಾ ಹಾಲುಣಿಸಿದರೆ ಆ ಮಗು ನನಗೆ ಹಾಲಿನ ಮೊಮ್ಮಗ. ಈ ಮನೆಯ ಒಳಕೋಣೆಯವರೆಗೂ ಅವನಿಗೆ ದಾರಿ.

“ಬೇರು ಗೊತ್ತಿಲ್ದಿರೋ ಗಿಡಾನ ನನ್ನ ಅಂಗಳದಲ್ಲಿ ನೆಡಲ್ಲ” ಎಂದೆ.

ಲಮಿಯಾ ತಲೆಯೆತ್ತದೆ, “ನೀನು ಬೇಡ ಅಂದ್ರೆ ನಾನು ಕುಡಿಸಲ್ಲ” ಎಂದಳು. ವಿದಾದ್ ಚಹಾ ಮುಟ್ಟದೆ ಎದ್ದುಹೋದಳು.

ಸಫರ್ 21

ಪುಟ ಐವತ್ತಾರು. ಪ್ರವಾದಿಯವರ ತಂದೆ ತೀರಿಕೊಂಡದ್ದು ಈ ಊರಿನಲ್ಲೇ, ವ್ಯಾಪಾರ ಮುಗಿಸಿ ಮರಳುವಾಗ, ಮಗು ಹುಟ್ಟುವ ಮೊದಲೇ. ‘ಎಲ್ಲಿ ತೀರಿಕೊಂಡರು?’ — ಪರೀಕ್ಷೆಯಲ್ಲಿ ಒಂದು ಅಂಕ. ಮಕ್ಕಾಕ್ಕೆ ಮರಳಿದ ಒಂಟೆಸಾಲಿನಲ್ಲಿ ಗಂಡನನ್ನು ಹುಡುಕಿದ ಅವರ ತಾಯಿ ಆಮಿನಾರ ಬಗ್ಗೆ ನಾನು ಯಾವ ಪ್ರಶ್ನೆಪತ್ರಿಕೆಯಲ್ಲೂ ಕೇಳಿದವಳಲ್ಲ.

ವಿದಾದ್ ಫೋನ್ ಮಾಡಿಲ್ಲ.

ಸಫರ್ 27

ಇಂದೂ ಇಲ್ಲ. ಮಗು ಬಂದು ಎರಡು ದಿನವಾಯಿತಂತೆ. ಹೇಳಿದ್ದು ಲಮಿಯಾ.

ದಾದಿಯರ ಅಧ್ಯಾಯ. ಮಳೆಯಿಲ್ಲದ ವರ್ಷ. ಬನೂ ಸಅದ್ ಕುಲದ ಹೆಂಗಸರು ಹಾಲುಣಿಸಲು ಮಕ್ಕಳನ್ನು ಹುಡುಕುತ್ತ ಮಕ್ಕಾಕ್ಕೆ ಬರುತ್ತಾರೆ. ಎಲ್ಲರಿಗಿಂತ ಹಿಂದೆ ಹಲೀಮಾ. ಅವಳ ಕತ್ತೆಗೆ ನಡೆಯಲು ತ್ರಾಣವಿಲ್ಲ, ಒಂಟೆಯ ಕೆಚ್ಚಲಲ್ಲಿ ತೊಟ್ಟು ಹಾಲಿಲ್ಲ, ಸ್ವಂತ ಕೂಸು ಹಸಿವಿನಿಂದ ರಾತ್ರಿಯಿಡೀ ಅಳುತ್ತದೆ. ಆಮಿನಾರ ಮಗುವನ್ನು ಒಬ್ಬೊಬ್ಬ ದಾದಿಗೂ ತೋರಿಸುತ್ತಾರೆ. ಒಬ್ಬೊಬ್ಬಳೂ ಅದನ್ನೇ ಕೇಳುತ್ತಾಳೆ — ತಂದೆ ಇಲ್ಲವೇ? ಹಾಗಾದರೆ ಬೇಡ.

‘ಹಾಲುಣಿಸಿದ ದಾದಿಯ ಹೆಸರೇನು?’ ಒಂದು ಅಂಕ. ಮೂವತ್ತನಾಲ್ಕು ವರ್ಷ ಕೇಳಿದೆ. ಬೇಡವೆಂದವರು ಎಷ್ಟು ಮಂದಿ, ಏಕೆ ಬೇಡವೆಂದರು — ನಾನೂ ಕೇಳಲಿಲ್ಲ, ಹುಡುಗಿಯರೂ ಕೇಳಲಿಲ್ಲ.

ಹಲೀಮಾಳಿಗೂ ಆ ಮಗುವಿನ ಮಹಿಮೆಯೇನೂ ಗೊತ್ತಿರಲಿಲ್ಲ. ಬರಿಗೈಯಲ್ಲಿ ಊರಿಗೆ ಮರಳಲು ನಾಚಿಕೆ, ಅಷ್ಟೇ. ಹೋಗಿ ಎತ್ತಿಕೊಂಡಳು.

ಆ ಪುಟವನ್ನು ಮೂರು ಸಲ ಓದಿದೆ. ತಿದ್ದಲಿಲ್ಲ.

ಸಫರ್ 28

ವಿದಾದ್ ಮನೆಗೆ ಹೋದೆ. ಕರೆಯದೆ ಹೋದದ್ದು ಇದೇ ಮೊದಲು. ಬಾಗಿಲು ತೆಗೆದವಳು ಸಲಾಮಿಗೆ ಉತ್ತರ ಹೇಳಿ ಪಕ್ಕಕ್ಕೆ ಸರಿದಳು. ಹೆಗಲ ಮೇಲೆ ಮಗು. ದೊಡ್ಡ ಕಿವಿ. ಹೆಸರು ಬಸ್ಸಾಮ್, ಕಚೇರಿಯವರು ಇಟ್ಟದ್ದು.

“ಬಸ್ಸಾಮ್ ಅಂದ್ರೆ ಸದಾ ನಗ್ತಾ ಇರೋನು. ಇವನು ನಗೋದೇ ಇಲ್ವಲ್ಲ?”

“ಬಂದ ತಕ್ಷಣ ಪರೀಕ್ಷೆ ಶುರು ಮಾಡ್ಬೇಡ, ಅಬ್ಲಾ.”

ಶಾಲೆಯ ಹುಡುಗಿಯರು ನನ್ನನ್ನು ಕರೆಯುತ್ತಿದ್ದುದು ಹಾಗೆ. ಸಿಟ್ಟು ಬಂದಾಗ ಮಗಳ ಬಾಯಲ್ಲೂ ಅದೇ.

“ಲಮಿಯಾ ಆರನೇ ತಾರೀಕು ತಬೂಕಿಗೆ ಹೊರಡ್ತಾಳೆ” ಎಂದೆ. “ಅಷ್ಟರೊಳಗೆ ಐದೂ ಮುಗೀಬೇಕು. ಇವನನ್ನ ಕರ್ಕೊಂಡು ಬಂದು ನಮ್ಮನೇಲೇ ಇರು.”

“ಬೇರು, ಗಿಡ ಅಂತ ಏನೋ ಹೇಳಿದ್ಯಲ್ಲ?”

“ಹೇಳಿದೆ. ತಪ್ಪು ಹೇಳಿದೆ.”

ವಿದಾದ್ ನೆಲದ ಮೇಲೆ ಕುಳಿತು ನನ್ನ ಮೊಣಕಾಲಿಗೆ ತಲೆಯಿಟ್ಟಳು. ಮೂವತ್ತೆಂಟು ವರ್ಷದವಳು. ಕೂದಲಲ್ಲಿ ಬಿಳಿ ಎಳೆಗಳಿವೆ, ನಾನು ನೋಡಿಯೇ ಇರಲಿಲ್ಲ.

ರಬೀಉಲ್ ಅವ್ವಲ್ 1

ಬಸ್ಸಾಮನದು ಶೀಶೆಗೆ ಒಗ್ಗಿದ ಬಾಯಿ. ಲಮಿಯಾಳ ಎದೆ ಕಂಡರೆ ಮುಖ ತಿರುಗಿಸಿ ಕಿರುಚುತ್ತಾನೆ. ಮೂರು ಪ್ರಯತ್ನ, ಮೂರೂ ವ್ಯರ್ಥ.

“ಹಾಲು ಹಿಂಡಿ ಶೀಶೆಯಲ್ಲೇ ಕೊಡೋಣ ಬಿಡು. ಅದೂ ನಡೆಯುತ್ತೆ ಅಂತಾರೆ” ಎಂದಳು ಲಮಿಯಾ.

“ಒಪ್ಪದೇ ಇರೋರೂ ಇದಾರೆ. ನಾಳೆ ಇವನ ಮದುವೆ ದಿನ ಯಾರೋ ಒಬ್ಬ ಎದ್ದು ನಿಂತು ಈ ಹಾಲಿನ ನಂಟು ನಿಜವಾ ಅಂತ ಕೇಳಬಾರದು” ಎಂದೆ.

“ಮೂರು ತಿಂಗಳ ಕೂಸಿಗೆ ಉಮ್ಮಾ ಆಗ್ಲೇ ಮದುವೆ ಮಾಡಿಬಿಟ್ಳು!” — ಲಮಿಯಾ.

ಉಳಿದದ್ದು ಐದು ದಿನ.

ರಬೀಉಲ್ ಅವ್ವಲ್ 3

ಒಂದನೆಯದು — ನಿನ್ನೆ ಬೆಳಿಗ್ಗೆ 10.20. ಅರೆನಿದ್ದೆಯಲ್ಲಿ, ತನಗೇ ತಿಳಿಯದಂತೆ ಕುಡಿದ. ತಾನಾಗಿಯೇ ಬಿಟ್ಟ.
ಎರಡನೆಯದು — ಇಂದು ಲುಹರ್ ನಮಾಜಿನ ನಂತರ, 1.05. ತಾನಾಗಿಯೇ ಬಿಟ್ಟ.

ಸಾಕ್ಷಿ: ನಾನು.

ಕುಡಿಯುವಾಗ ಸದ್ದಿದ್ದರೆ ಅಳುವುದಿಲ್ಲ. ಹಾಗಾಗಿ ಪುಸ್ತಕವನ್ನು ಗಟ್ಟಿಯಾಗಿ ಓದುತ್ತೇನೆ. ಹಿರಾ ಗುಹೆಯಲ್ಲಿ ಮೊದಲ ದೇವವಾಣಿ ಕೇಳಿ ನಡುಗುತ್ತ ಮನೆಗೆ ಬಂದ ಪ್ರವಾದಿಯವರನ್ನು ಪತ್ನಿ ಖದೀಜಾ ಹೊದಿಸಿ ಮಲಗಿಸುತ್ತಾರೆ. ಪ್ರಶ್ನೆಗಳೆಲ್ಲ ಆಮೇಲೆ. ಆ ಸಾಲನ್ನು ಮತ್ತೆ ಮೊದಲಿನಿಂದ ಓದಿದೆ.

“ಏನಾಯ್ತು ಉಮ್ಮಾ, ಅಲ್ಪವಿರಾಮ ಸಿಗಲಿಲ್ವಾ?” — ವಿದಾದ್.

ರಬೀಉಲ್ ಅವ್ವಲ್ 4

ಜಗಳ. ಮೂರನೆಯದು ಅರ್ಧಕ್ಕೆ ಬಂದಿತ್ತು. ದಾನಾ ಮಂಚದ ಅಂಚಿಗೆ ಉರುಳಿದಳೆಂದು ಲಮಿಯಾ ಇವನನ್ನು ಎದೆಯಿಂದ ಕಿತ್ತು ಓಡಿದಳು. ಮರಳಿ ಬಂದಾಗ ಇವನು ಒಲ್ಲೆನೆಂದ.

“ಮೂರು ಆಯ್ತು” ಎಂದಳು ವಿದಾದ್.

“ಆಗಿಲ್ಲ. ಅವನಾಗಿ ಬಿಡ್ಲಿಲ್ಲ. ಲೆಕ್ಕಕ್ಕಿಲ್ಲ.”

“ಜನ್ಮವೆಲ್ಲಾ ಅರ್ಧ ಅಂಕ ಕಡೀತಾನೇ ಬಂದೆ! ಈ ಹಸುಗೂಸಿನ ಅಂಕಾನೂ ಕಡೀತೀಯಾ?”

“ಕಡೀತೀನಿ. ನಾಲ್ಕೂವರೆ ಸಲಕ್ಕೆ ಇವನು ಯಾರಿಗೂ ಮೊಮ್ಮಗ ಆಗಲ್ಲ. ನನಗೆ ಪೂರ್ತಿ ಬೇಕು.”

ವಿದಾದ್ ಅಡಿಗೆಮನೆಗೆ ಹೋಗಿ ನನಗೆ ಚಹಾ ಮಾಡಿ ತಂದಳು.

ರಬೀಉಲ್ ಅವ್ವಲ್ 5

ಮೂರನೆಯದು — ಬೆಳಿಗ್ಗೆ 7.40. ಪೂರ್ತಿ.
ನಾಲ್ಕನೆಯದು — ಅಸರ್ ನಂತರ, 4.15. ಪೂರ್ತಿ.

ಓದಿದ್ದು: ಹಲೀಮಾಳ ಮಗಳು ಶೈಮಾ. ಪ್ರವಾದಿಯವರ ಹಾಲಿನ ಅಕ್ಕ. ಎಷ್ಟೋ ವರ್ಷಗಳ ನಂತರ ಯುದ್ಧದಲ್ಲಿ ಸೆರೆಸಿಕ್ಕವರ ನಡುವೆ ನಿಂತು, ‘ನಾನು ನಿಮ್ಮ ಅಕ್ಕ’ ಎನ್ನುತ್ತಾಳೆ. ಎತ್ತಿಕೊಂಡು ತಿರುಗುತ್ತಿದ್ದಾಗ ಮಗು ಬೆನ್ನಿಗೆ ಕಚ್ಚಿದ ಗುರುತು ತೋರಿಸುತ್ತಾಳೆ. ಅರವತ್ತರ ವಯಸ್ಸಿನ ಪ್ರವಾದಿಯವರು ತಮ್ಮ ಹೊದಿಕೆಯನ್ನೇ ಹಾಸಿ ಅವಳನ್ನು ಕೂರಿಸುತ್ತಾರೆ.

ಲಮಿಯಾ ಬಸ್ಸಾಮನ ಗಲ್ಲ ಚಿವುಟಿದಳು. “ಕೇಳಿಸ್ಕೊಂಡ್ಯೇನೋ? ನನ್ನ ಮಗಳನ್ನ ಕಚ್ಚಿದ್ರೆ ಅರವತ್ತು ವರ್ಷ ಗುರುತು ಇರುತ್ತೆ!”

ಸಂಜೆ ಬಸ್ಸಾಮನ ಮೂಗು ಕಟ್ಟಿದೆ. ಉಸಿರಾಡಲಾಗದೆ ಹಾಲು ಬಿಡುತ್ತಾನೆ. ಬೆಳಿಗ್ಗೆ ಕಾರು ಬರುತ್ತದೆ. ಇನ್ನೊಂದು ಬಾಕಿ.

ರಬೀಉಲ್ ಅವ್ವಲ್ 6, ಬೆಳಿಗ್ಗೆ

8.30. ಒಲ್ಲ. ವಿದಾದ್ ಬಿಸಿನೀರಿನ ಹಬೆ ಹಿಡಿದು ಕುಳಿತಿದ್ದಾಳೆ.

9.10. ಒಲ್ಲ. ಲಮಿಯಾಳ ಗಂಡ ಕೆಳಗೆ ಕಾರಿನಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ. ಕಿಟಕಿಯಿಂದ ಬಗ್ಗಿ, “ಇನ್ನೊಂದು ಸಲ ಒತ್ತಿದ್ರೆ ಕಾರಿನ ಬೀಗದ ಕೈ ಕಿತ್ಕೋತೀನಿ!” ಎಂದೆ. ಬೀದಿಯಲ್ಲಿ ಕೂಗಿದ್ದು ಜೀವಮಾನದಲ್ಲಿ ಮೊದಲು. ಸದ್ದಡಗಿತು.

9.25. ಮೂಗು ಬಿಟ್ಟಿದೆ. ಹಿಡಿದ.

ಗುಟುಕಿನ ಸದ್ದು ಮಾತ್ರ. ವಿದಾದ್‌ಳ ತುಟಿ ಅಲುಗುತ್ತಿದೆ. ಪ್ರಾರ್ಥನೆಯೋ ಎಣಿಕೆಯೋ ತಿಳಿಯದು. ನಾನು ಓದುತ್ತಿಲ್ಲ. ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗೆ ಬರುತ್ತಿದೆ, ಇರಲಿ.

9.41. ಬಿಟ್ಟ. ತಾನಾಗಿಯೇ. ಬಾಯಂಚಿನಲ್ಲಿ ಹಾಲಿನ ಹನಿ. ಐದನೆಯದು, ಪೂರ್ತಿ. ಸಾಕ್ಷಿ: ಇವನ ಅಜ್ಜಿ.

ವಿದಾದ್ ಎತ್ತಿ ತಂದಳು. “ತಗೋ, ನಿನ್ನ ಮೊಮ್ಮಗ. ಆ ಪುಸ್ತಕ, ಪೆನ್ನು ಎಲ್ಲಾ ಪಕ್ಕಕ್ಕಿಡು, ಎರಡು ಕೈಲಿ ಹಿಡ್ಕೋ” ಎನ್ನುತ್ತಿದ್ದಾಳೆ. ಒಂದು ವಾಕ್ಯ ಮುಗಿಸಿ ಇಡುತ್ತೇನೆಂದರೆ ಕೇಳುವುದಿಲ್ಲ, ಆಗಲೇ ಮಡಿಲಿಗೆ ಹಾಕಿ