ಎಂಬತ್ತೆರಡನೇ ಹಾಳೆ

ಮಾರ್ಚ್ 9, ಸೋಮವಾರ

ಪ್ರೀತಿಯ ಪುಟ್ಟಿಗೆ ಅಕ್ಕನ ಆಶೀರ್ವಾದಗಳು.

ನಾನು ಕ್ಷೇಮ ಅಂತ ಶುರುಮಾಡಬೇಕು. ಆದರೆ ನನ್ನ ಕೀಲುಗಳ ಸಮಾಚಾರ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ನಿನ್ನ ಪಿಎಚ್.ಡಿ. ಪ್ರಬಂಧದ ನಾಲ್ಕು ಪ್ರತಿಗಳನ್ನು ಬೈಂಡ್ ಮಾಡಿ ಹೋದ ವಾರವೇ ಕಳಿಸಬೇಕಿತ್ತು, ತಡವಾಯಿತು, ಬೈಕೋಬೇಡ. ಈ ಪತ್ರವನ್ನೇ ಮೂರು ದಿನದಿಂದ ಬರೆಯುತ್ತಿದ್ದೇನೆ. ಪೆನ್ನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡಿದ್ದೇನೆ, ಅಕ್ಷರ ನೋಡಿ ನಗಬೇಡ.

ಅಂಗಡಿ ನಡೆಯುತ್ತಿದೆ. ಅಪ್ಪನ ಕಾಲದಿಂದ ನಮ್ಮಲ್ಲಿ ಅಂಟು ಬಳಿಯುತ್ತಿದ್ದ ಅಂಟಿನ ಮಾಮನೇ ಈಗ ಹೊಲಿಗೆಯನ್ನೂ ಹಾಕುತ್ತಾರೆ. "ಎಪ್ಪತ್ತಕ್ಕೆ ಬಡ್ತಿ ಸಿಕ್ತು ನೋಡಮ್ಮ" ಅಂತ ನಗುತ್ತಾರೆ. ನಾನು ಹಾಳೆ ಜೋಡಿಸಿ, ಪುಟಸಂಖ್ಯೆ ನೋಡಿ, ಸರಿಯಾಗಿದೆ ಅಂತ ತಲೆಯಾಡಿಸುತ್ತೇನೆ. ಇಪ್ಪತ್ತಾರು ವರ್ಷ ಸೂಜಿ ಎಳೆದವಳಿಗೆ ಈಗ ಅಷ್ಟೇ ಕೆಲಸ.

ನಾವು ಬೈಂಡಿಂಗಿನವರು ಪುಸ್ತಕ ಓದುವುದಿಲ್ಲ. ಓದುತ್ತಾ ಕೂತರೆ ಕೆಲಸ ಮುಗಿದ ಹಾಗೇ. ನಿನ್ನದನ್ನೂ ಓದುತ್ತಿರಲಿಲ್ಲ. ಮಂಗಳವಾರ ನೀನು ಫೋನ್ ಮಾಡಿ, "ಅಕ್ಕಾ, ಎಂಬತ್ತೆರಡನೇ ಹಾಳೇಲಿ ಮುದ್ರಣದ ತಪ್ಪಾಗಿದೆ, ಹೊಸದು ಕಳಿಸಿದೀನಿ, ಹಳೇದು ಹರಿದು ಹಾಕು" ಅಂದೆ. ಹೊಸದು ಬಂತು. ಅಂಟಿನ ಮಾಮ ಎರಡನ್ನೂ ಹಿಡಿದುಕೊಂಡು ಬಂದು, "ಏನಮ್ಮಾ, ಎರಡೂ ಒಂದೇ ಥರ ಇವೆಯಲ್ಲ, ಯಾವುದನ್ನ ಹೊಲೀಲಿ?" ಅಂದರು. ತಪ್ಪು ಎಲ್ಲಿದೆ ಅಂತ ಹುಡುಕಲು ಹಳೆಯದನ್ನು ಓದಿದೆ.

ಸಂಧಿವಾತದ ರೋಗಿಗಳ ಪಟ್ಟಿ ಅದು. ಏಳನೆಯವಳು ಹೆಂಗಸು, ನಲವತ್ತಾರು ವರ್ಷ, ಪುಸ್ತಕದ ಬೈಂಡರ್, ಬಲ ಮಣಿಕಟ್ಟು. ಎಲ್ಲರಿಗಿಂತ ಹೆಚ್ಚು ಬೆಳವಣಿಗೆ ಅವಳ ಕೋಶಗಳದೇ. ಮುಂದೆ ಹೀಗಿತ್ತು: "ಔಷಧಿ: ಇಲ್ಲ. ಕೀಲಿನ ಪೊರೆಯ ಮಾದರಿ ಸಂಗ್ರಹಿಸುವವರೆಗೆ ಹದಿನಾಲ್ಕು ವಾರ ಮುಂದೂಡಲಾಗಿದೆ."

ಆ ಏಳನೆಯವಳು ನಾನೇ. ನಾಲ್ಕು ಸಲ ಓದಿದೆ.

ಮಣಿಕಟ್ಟಿನ ಊದಿದ ಪೊರೆ ತೆಗೆದ ಆಪರೇಷನ್ ಆಗಿ ತಿಂಗಳಾದ ಮೇಲೆ ನೀನು ನನ್ನನ್ನು ಲ್ಯಾಬಿಗೆ ಕರೆದುಕೊಂಡು ಹೋಗಿದ್ದೆ. ಎತ್ತರದ ಸ್ಟೂಲಿನ ಮೇಲೆ ಕೂರಿಸಿ ಮೈಕ್ರೋಸ್ಕೋಪಿನಲ್ಲಿ ತೋರಿಸಿದೆ. "ನೋಡಕ್ಕಾ, ಇವೆಲ್ಲ ನೀನೇ. ಕೀಲಿನೊಳಗಿನ ಪೊರೆಯ ಕೋಶಗಳು. ಉರಿಯೂತದ ಸಂಕೇತ ಸಿಕ್ರೆ ಸಾಕು, ಬೆಳೀತಾನೇ ಇರ್ತಾವೆ. ಸಾಯೋ ಹೊತ್ತಿಗೆ ಸಾಯಲ್ಲ. ದಪ್ಪ ಆಗಿ ಪಕ್ಕದ ಮೂಳೇನೇ ತಿಂತಾವೆ" ಅಂದೆ. ಇನ್ನೊಂದು ಗಾಜಿನ ತಟ್ಟೆಯಲ್ಲಿ ಕೋಶಗಳು ವಿರಳವಾಗಿದ್ದವು. "ಇದಕ್ಕೆ ಸಂಕೇತ ತಡೆಯೋ ಔಷಧಿ ಹಾಕಿದೀನಿ, ಸುಮ್ಮನಾಗಿವೆ" ಅಂದೆ. ನಿನ್ನ ಮುಖದಲ್ಲಿ ಅಷ್ಟು ಸಂತೋಷ ನಾನು ಕಂಡೇ ಇರಲಿಲ್ಲ. ನನ್ನ ನೋವೂ ಒಂದು ಕೆಲಸಕ್ಕೆ ಬಂತಲ್ಲ ಅಂತ ಹಿಗ್ಗಿದೆ, ಹುಚ್ಚಿ. ಆ ತಟ್ಟೆಗೆ ಹಾಕಿದ್ದನ್ನು ನನಗೆ ಯಾಕೆ ಹಾಕಲಿಲ್ಲ ಅಂತ ಕೇಳಲು ನನಗೆ ಹೊಳೆಯಲೇ ಇಲ್ಲ.

ಡಾಕ್ಟರು ಬರೆದುಕೊಟ್ಟ ಚೀಟಿ ನನ್ನ ಕೈಯಲ್ಲೇ ಇತ್ತು ಪುಟ್ಟಿ. ನೀನು ತಡೆದೆ. "ಆಪರೇಷನ್ ಆಗೋವರೆಗೂ ಇಂಜೆಕ್ಷನ್ ಬೇಡಕ್ಕಾ, ಗಾಯ ಮಾಯಲ್ಲ. ಡಾಕ್ಟರ ಹತ್ರ ನಾನೇ ಮಾತಾಡಿದೀನಿ." ಕಣ್ಣು ಮುಚ್ಚಿ ನಂಬಿದೆ. ನಿನಗೆ ಔಷಧಿ ಸೋಕದ ಕೋಶ ಬೇಕಿತ್ತು ಅಂತ ಈಗ ತಿಳಿಯಿತು. ಆರನೇ ವಾರ ಕೈಯಿಂದ ಸೂಜಿ ಜಾರಿತು. ಹತ್ತನೇ ವಾರ ಕತ್ತರಿ. ಹದಿಮೂರನೇ ವಾರ ಬಚ್ಚಲಿನ ಚಿಲಕ ತೆಗೆಯಲಾರದೆ ಒಳಗೇ ಅರ್ಧ ಗಂಟೆ ನಿಂತಿದ್ದೆ. ಪ್ರತಿ ಭಾನುವಾರ ಫೋನಿನಲ್ಲಿ "ಇನ್ನೆಷ್ಟು ದಿನವೇ?" ಅಂತ ಕೇಳುತ್ತಿದ್ದೆ. "ಸ್ವಲ್ಪ ತಡ್ಕೋ ಅಕ್ಕಾ" ಅನ್ನುತ್ತಿದ್ದೆ ನೀನು.

ಈಗ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೇನೆ. ಊತ ಇಳಿದಿದೆ. ಸವೆದುಹೋದ ಮೂಳೆ ಮತ್ತೆ ಬರುವುದಿಲ್ಲವಂತೆ. "ಮೊದಲೇ ಶುರು ಮಾಡಿದ್ರೆ ಬೆರಳು ಇಷ್ಟು ಸೊಟ್ಟ ಆಗ್ತಿರಲಿಲ್ಲಮ್ಮ" ಅಂದರು ಡಾಕ್ಟರು. ಅವರ ಧ್ವನಿಯಲ್ಲಿ ನನ್ನ ಮೇಲೇ ಬೇಸರವಿತ್ತು. ಯಾಕೆ ಅಂತ ಆಗ ತಿಳಿಯಲಿಲ್ಲ.

ಅಮ್ಮ ಹೋದ ಮೇಲೆ ನಿನಗೆ ದಿನಾ ಎರಡು ಜಡೆ ಹೆಣೆದದ್ದು ಇವೇ ಬೆರಳು. ನೀನು ಕೇಳಿದ್ದರೆ ಆ ಹದಿನಾಲ್ಕು ವಾರವನ್ನೂ ಕೊಡುತ್ತಿದ್ದೆನೇನೋ. ಬೈದುಕೊಂಡೇ ಕೊಡುತ್ತಿದ್ದೆ. ನಿನಗೆ ಯಾವುದನ್ನು ಇಲ್ಲ ಅಂದಿದ್ದೇನೆ ಹೇಳು?

ನಿನ್ನ ಮೇಲೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ನಿನ್ನ ಪದವಿ ನಿನಗೆ ಸಿಗಲಿ. ನೀನು ಕಂಡುಹಿಡಿದದ್ದು ಬೇರೆ ಯಾರ ಬೆರಳನ್ನಾದರೂ ಉಳಿಸಲಿ. ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ
ಅಕ್ಕ

ತಾ.ಕ.: ನೀನು ಕಳಿಸಿದ ಹೊಸ ಹಾಳೆಯನ್ನೂ ಓದಿದೆ. ಎಲ್ಲ ಅದೇ, ಒಂದು ಸಾಲು ಮಾತ್ರ ಬೇರೆ. "ಔಷಧಿ: ಇಲ್ಲ. ರೋಗಿಯೇ ನಿರಾಕರಿಸಿದ್ದಾರೆ." ಡಾಕ್ಟರಿಗೂ ನೀನು ಹೀಗೇ ಹೇಳಿದ್ದೆ ಅಂತ ಈಗ ಅರ್ಥವಾಯಿತು. ನೀನು ನನ್ನ ಕೈ ತೆಗೆದುಕೊಂಡೆ, ಹೋಗಲಿ. ಅದರ ತಪ್ಪನ್ನೂ ನನ್ನ ತಲೆಗೇ ಕಟ್ಟಿಬಿಟ್ಟೆಯಲ್ಲ. ನಾಲ್ಕೂ ಪ್ರತಿಗಳಲ್ಲಿ ಹಳೆಯ ಹಾಳೆಯನ್ನೇ ಹೊಲಿಸಿದ್ದೇನೆ. ಹೊಸವನ್ನು ರಟ್ಟಿನೊಳಗೆ ಬಿಡಿಯಾಗಿ ಇಟ್ಟಿದ್ದೇನೆ. ಬದಲಿಸಬೇಕೆಂದರೆ ಇಡೀ ಹೊಲಿಗೆ ಬಿಚ್ಚಬೇಕು. ನೀನೇ ಬಿಚ್ಚಿಕೋ, ನಿನ್ನ ಬೆರಳು ಚೆನ್ನಾಗಿವೆ.