ಒಂದು ರಾತ್ರಿ ಮಲಗಬೇಕಿದ್ದ ಪತ್ರ

ಫೆಬ್ರವರಿ 5, ಸೋಮವಾರ

ಮತ್ತೆ ರೆಕಾರ್ಡ್ ರೂಮು. ಮತ್ತೆ ಧೂಳಿಗೆ ಸೀನುವುದು. ಮೂರನೇ ವಾರ ಇದು. ಒಂದು ರ‍್ಯಾಕ್ ಮುಗಿಸಿದರೆ ಇನ್ನೊಂದು ಹಲ್ಲು ಕಿರಿಯುತ್ತದೆ.

ಡೈರೆಕ್ಟರ್‌ಗೆ ಕಾಲೇಜಿನ ಇತಿಹಾಸ ಬೇಕಂತೆ. ನಾಲ್ಕು ಪುಟ, ಫೋಟೋ ಸಮೇತ. ಮಾರ್ಚ್‌ನಲ್ಲಿ ತಪಾಸಣಾ ತಂಡ ಬಂದು ಗ್ರೇಡ್ ಕೊಡುತ್ತದೆ. "ಮೇಡಂ, ನೀವೇ ಇಲ್ಲಿಯ ಹಳೇ ತಲೆ. ನಿಮಗಿಂತ ಚೆನ್ನಾಗಿ ಯಾರು ಬರೀತಾರೆ?" ಹೊಗಳಿದ್ದೋ ಬೈದದ್ದೋ ಗೊತ್ತಾಗಲಿಲ್ಲ. ಸಹಾಯಕ ರಿಜಿಸ್ಟ್ರಾರ್ ಅಂತ ಮೇಜಿನ ಮೇಲೆ ಬೋರ್ಡಿದೆ. ಮಾಡುವ ಕೆಲಸ ಧೂಳು ಹೊಡೆಯುವುದು.

ಇವರದು ಹನ್ನೊಂದು ಕಾಲೇಜಿನ ಗ್ರೂಪ್. ನಮ್ಮದನ್ನು ಕೊಂಡು ನಾಲ್ಕು ವರ್ಷ. ಬಂದವರೇ ಹೆಸರು ಬದಲಿಸಿದರು, ಲೋಗೋ ಬದಲಿಸಿದರು, ಕಿಟಕಿಗೆಲ್ಲ ನೀಲಿ ಗಾಜು ಹಾಕಿಸಿದರು. ಹಳೆಯದೆಲ್ಲ ಗುಜರಿಗೆ. ಈಗ ಹಳೆಯದೇ ಬೇಕು! ರಿಸೆಪ್ಷನ್‌ನಲ್ಲಿ 'ಹೆರಿಟೇಜ್ ವಾಲ್' ಏಳುತ್ತಿದೆ. ಗಾಜಿನ ಪೆಟ್ಟಿಗೆಯಲ್ಲಿ ನಮ್ಮ ಮೊದಲ ಟೈಪ್‌ರೈಟರ್ ಇಡಬೇಕಂತೆ. ಅದನ್ನು ತೂಕಕ್ಕೆ ಹಾಕಿದವರು ಇವರೇ. ಇವತ್ತು ಗುಜರಿಯಿಂದ ಬೇರೊಂದು ಬಂತು. ಸ್ಪೇಸ್ ಬಾರ್ ಇಲ್ಲ. "ಪರವಾಗಿಲ್ಲ ಮೇಡಂ, ಗಾಜಿನೊಳಗೆ ಯಾರು ಟೈಪ್ ಮಾಡ್ತಾರೆ?" ಅಂದರು ಡೈರೆಕ್ಟರ್.

ನಕ್ಕೆ. ಆಮೇಲೆ ಸಿಟ್ಟು ಬಂತು.

ಫೆಬ್ರವರಿ 6, ಮಂಗಳವಾರ

ಇತಿಹಾಸದ ಮೊದಲ ಪುಟ. ಬರೆದೆ, ಹರಿದೆ, ಬರೆದೆ.

ಚಪ್ಪಲಿ ಅಂಗಡಿಯ ಮಹಡಿ. ಮೂರು ಟೈಪ್‌ರೈಟರ್. ಮೇಷ್ಟ್ರು ಒಬ್ಬರೇ. ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಗದವರಿದ್ದರು, ಹಗಲು ದುಡಿಯಬೇಕಾದವರಿದ್ದರು. ಅವರಿಗೇನು ಓದು ಬೇಡವೇ ಅಂತ ಸಂಜೆ ಕಾಲೇಜು ತೆರೆದರು. ಆಗ ಖಾಸಗಿ ಕಾಲೇಜು ಅಂದರೆ ಜನ ಮೂಗು ಮುರಿಯುತ್ತಿದ್ದರು. 'ಅಂಗಡಿ ಮೇಲೊಂದು ಅಂಗಡಿ' ಅನ್ನುತ್ತಿದ್ದರು. ಹತ್ತು ವರ್ಷದಲ್ಲಿ ಬೀದಿಗೊಂದು ಕಾಲೇಜು ಹುಟ್ಟಿತು. ಕೆಲವು ಚೆನ್ನಾಗಿ ನಡೆದವು. ಕೆಲವು ಬೋರ್ಡು ಒಣಗುವ ಮೊದಲೇ ಮುಚ್ಚಿದವು. ಉಳಿದವನ್ನು ದೊಡ್ಡ ಮೀನುಗಳು ನುಂಗಿದವು, ನಮ್ಮನ್ನು ನುಂಗಿದ ಹಾಗೆ. ಈ ಕೊನೆಯ ಸಾಲು ಡೈರೆಕ್ಟರ್‌ಗೆ ಕೊಡುವ ಪ್ರತಿಯಲ್ಲಿ ಇರುವುದಿಲ್ಲ.

ನಾನು ಅಲ್ಲಿ ಮೊದಲ ಗುಮಾಸ್ತೆ. ಹಗಲು ಆಫೀಸು. ಮುಂದೆ ಕಾಲೇಜು ಹೊಸ ಕಟ್ಟಡಕ್ಕೆ ಹೋದಾಗ, ಸಂಜೆ ಅಲ್ಲೇ ಬೆಂಚಿನ ಮೇಲೆ ಕೂತು ಶಿಕ್ಷಕರ ಪದವಿ ಓದಿದೆ. ಪಕ್ಕದಲ್ಲಿ ತಂಗಿ ಪುಟ್ಟಿ. ಐವತ್ತು ದಾಟಿದರೂ ಪುಟ್ಟಿಯೇ. ನಾನು ಆಫೀಸಿನಲ್ಲೇ ಉಳಿದೆ. ಅವಳು ಟೀಚರ್ ಆದಳು, ಇಪ್ಪತ್ತಾರು ವರ್ಷವಾಯಿತು.

ಮೇಷ್ಟ್ರ ಪದ್ಧತಿಯ ಬಗ್ಗೆ ಒಂದು ಪ್ಯಾರಾ ಬರೆದೆ. ಟೈಪಾದ ದಿನವೇ ಯಾವ ಪತ್ರವೂ ಅಂಚೆಗೆ ಹೋಗುವಂತಿರಲಿಲ್ಲ. ಸಹಿ ಆಗಬೇಕು. ರವಾನೆ ರಿಜಿಸ್ಟರಿನಲ್ಲಿ ನಂಬರು ಬೀಳಬೇಕು. ಆಮೇಲೆ ಪೇಪರ್‌ವೇಟಿನ ಕೆಳಗೆ ಒಂದು ರಾತ್ರಿ. "ಮಲಗ್ಲಿ ಬಿಡಮ್ಮ. ಬೆಳಿಗ್ಗೆ ಎದ್ದು ನೋಡಿದ್ರೆ ತಪ್ಪು ಅದರ ಮುಖದಲ್ಲೇ ಕಾಣುತ್ತೆ." ಬೆಳಿಗ್ಗೆ ಅವರು ಇನ್ನೊಂದು ಸಲ ಓದಿ ತಲೆಯಾಡಿಸಿದರೆ ನಾನು ಅಂಚೆಗೆ ಹಾಕಬೇಕು. ಅದೇ ನನ್ನ ದಿನದ ಮೊದಲ ಕೆಲಸ.

ಫೆಬ್ರವರಿ 9, ಶುಕ್ರವಾರ

ಪುಟ್ಟಿ ಪ್ರಿನ್ಸಿಪಾಲ್ ಆಗುತ್ತಾಳೆ! ಫೋನಿನಲ್ಲಿ ಉಸಿರೇ ಬಿಡದೆ ಮಾತಾಡಿದಳು.

"ಅಕ್ಕ, ಇನ್ನೊಂದೇ ಫಾರ್ಮಾಲಿಟಿ. ಡಿಗ್ರಿ ವೆರಿಫಿಕೇಶನ್. ಫಾರ್ಮು ನಿನ್ನ ಟೇಬಲ್‌ಗೇ ಬರುತ್ತೆ. ಲಂಚ ಏನು ಕೊಡ್ಲಿ?"

"ಒಂದು ವಾರ ನನಗೆ ಫೋನ್ ಮಾಡದೆ ಇರು, ಸಾಕು."

ಮಧ್ಯಾಹ್ನವೇ ಬಂತು. ಒಂದೇ ಹಾಳೆ. ಹೆಸರು ಸರಿ, ವರ್ಷ ಸರಿ. ಏಳನೇ ಪ್ರಶ್ನೆ — ವ್ಯಾಸಂಗದ ಅವಧಿಯಲ್ಲಿ ಕೋರ್ಸಿಗೆ ಶಿಕ್ಷಣ ಮಂಡಳಿಯ ಮಾನ್ಯತೆ ಇತ್ತೇ? ಹೌದು / ಇಲ್ಲ. ಆದೇಶದ ಪ್ರತಿ ಲಗತ್ತಿಸಿ.

ಪ್ರತಿ ರೆಕಾರ್ಡ್ ರೂಮಿನಲ್ಲೇ ಇರುತ್ತದೆ. ಹೇಗೂ ಅಲ್ಲೇ ಬಿದ್ದಿದ್ದೇನೆ. ಸೋಮವಾರ ಹುಡುಕಿದರಾಯಿತು.

ಫೆಬ್ರವರಿ 13, ಮಂಗಳವಾರ — ಬೆಳಿಗ್ಗೆ 11

ಆದೇಶ ಸಿಗುತ್ತಿಲ್ಲ. ಮೊದಲ ಮೂರು ವರ್ಷದ್ದು ಇದೆ. ಹೊಸ ಕಟ್ಟಡಕ್ಕೆ ಬಂದು ಎರಡು ವರ್ಷದ ಮೇಲಿನದೂ ಇದೆ. ನಡುವಿನದು ಇಲ್ಲ. ಆ ನಡುವೆಯೇ ನಾವಿಬ್ಬರು ಓದಿದ್ದು.

ಮಧ್ಯಾಹ್ನ 3:20

ಸಿಕ್ಕಿತು. ಸಿಗಬಾರದಿತ್ತು.

ಹಸಿರು ಫೈಲು, ದಾರ ಕಟ್ಟಿದ್ದು. ಮಾನ್ಯತೆ ಮುಂದುವರಿಸಿ ಎಂದು ಮಂಡಳಿಗೆ ಬರೆದ ಅರ್ಜಿ. ಮೇಷ್ಟ್ರ ಸಹಿ, ಮೊಹರು, ರವಾನೆ ನಂಬರು. ಅದರ ಹಿಂದೆ ಕಾರ್ಬನ್ ಕಾಪಿ. ಫೈಲಿನಲ್ಲಿ ಇರಬೇಕಾದ್ದು ಕಾರ್ಬನ್ ಕಾಪಿ ಮಾತ್ರ. ಅಸಲು ಇಲ್ಲೇ ಇದೆ. ಅಂದರೆ...

ಹೋಗಲೇ ಇಲ್ಲ.

ರಿಜಿಸ್ಟರು ತೆಗೆದೆ. ನಂಬರು 214. ಅಕ್ಷರ ನನ್ನದು. ದುಂಡಗೆ, ಚೆಂದಗೆ.

ಮರುದಿನ ಏನಾಯಿತು ಎಂದು ನೆನಪು ಕೆದಕಬೇಕಿಲ್ಲ. ಇತಿಹಾಸಕ್ಕೆಂದು ನಾನೇ ಆರಿಸಿಟ್ಟ ಫೋಟೋದ ಹಿಂದೆ ತಾರೀಕಿದೆ. ಹೊಸ ಕಟ್ಟಡಕ್ಕೆ ಸಾಮಾನು ಸಾಗಿಸಿದ ದಿನ. ಲಾರಿಯ ಮೇಲೆ ನಾನು, ತೊಡೆಯ ಮೇಲೆ ಫೈಲುಗಳ ಪೆಟ್ಟಿಗೆ, ಬಾಯಿ ತುಂಬ ನಗು. ಬೆಳಿಗ್ಗೆ ಬೇಗ ಲಾರಿ ಬಂದಿತ್ತು. ಮೇಷ್ಟ್ರು ಓದಲಿಲ್ಲ. ನಾನು ಕೇಳಲಿಲ್ಲ. ಮೇಜಿನ ಮೇಲಿದ್ದುದನ್ನೆಲ್ಲ ಬಾಚಿ ಪೆಟ್ಟಿಗೆಗೆ ತುಂಬಿದೆ. ಉತ್ತರ ಬರಲಿಲ್ಲವೆಂದು ಯಾರಿಗೂ ಅನುಮಾನ ಬರಲಿಲ್ಲ. ಆಗ ಮಂಡಳಿಯ ಉತ್ತರ ವರ್ಷಗಟ್ಟಲೆ ಬರುತ್ತಿರಲಿಲ್ಲ. ಎರಡು ವರ್ಷ ಬಿಟ್ಟು ಅವರೇ ಕಟ್ಟಡ ನೋಡಲು ಬಂದು 'ಈ ದಿನದಿಂದ' ಎಂದು ಹೊಸ ಮಾನ್ಯತೆ ಕೊಟ್ಟುಹೋದರು. ಹಿಂದಿನದನ್ನು ಅವರೂ ಕೇಳಲಿಲ್ಲ, ನಾವೂ ನೋಡಲಿಲ್ಲ.

ಎರಡು ಬ್ಯಾಚು. ನೂರ ಹದಿನೆಂಟು ಜನ. ಅದರಲ್ಲಿ ಪುಟ್ಟಿ. ಅದರಲ್ಲಿ ನಾನು.

ಫೆಬ್ರವರಿ 14, ಬುಧವಾರ

ಡೈರೆಕ್ಟರ್‌ಗೆ ಹೇಳಿದೆ. ಪೂರ್ತಿ ಅಲ್ಲ. "ಹಳೇ ಬ್ಯಾಚಿನ ಮಾನ್ಯತೆಯಲ್ಲಿ ಒಂದು ಗ್ಯಾಪ್ ಇದೆ" ಅಂದೆ.

ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ಅದು ಹಳೇ ಮ್ಯಾನೇಜ್‌ಮೆಂಟ್ ಕಥೆ ಮೇಡಂ. ತಂಡ ಬರೋ ಹೊತ್ತಲ್ಲಿ ಹುತ್ತಕ್ಕೆ ಯಾಕೆ ಕೈ ಹಾಕ್ತೀರಾ? ಹೇಗೂ ಇಪ್ಪತ್ಮೂರಕ್ಕೆ ಹಳೇ ಕಾಗದ ಚೂರು ಮಾಡೋ ಶ್ರೆಡಿಂಗ್‌ನವರು ಬರ್ತಾರೆ. ಇಪ್ಪತ್ತು ವರ್ಷಕ್ಕಿಂತ ಹಳೇದೆಲ್ಲ ಕ್ಲೀನ್."

ಕ್ಲೀನ್. ಎಷ್ಟು ಸುಲಭ. ಏಳನೇ ಪ್ರಶ್ನೆಗೆ 'ಹೌದು' ಅಂತ ಗುರುತು ಹಾಕುವುದು. ಲಗತ್ತು ಕಾಲಂನಲ್ಲಿ 'ಹಳೆಯ ದಾಖಲೆ, ಲಭ್ಯವಿಲ್ಲ'. ಇಪ್ಪತ್ಮೂರರ ನಂತರ ಅದು ಸುಳ್ಳೂ ಅಲ್ಲ!

ಪೆನ್ನು ಎತ್ತಿದೆ. ಇಟ್ಟೆ. ಎತ್ತಿದೆ. ನೀರು ಕುಡಿಯಲು ಹೋದೆ.

ಫೆಬ್ರವರಿ 15, ಗುರುವಾರ

ಪುಟ್ಟಿಯ ಮನೆಗೆ ಹೋಗಿದ್ದೆ. ಅಡುಗೆಮನೆಯಲ್ಲಿ ನಿಂತೇ ಹೇಳಿದೆ. ಒಲೆ ಆರಿಸಿ ಕೇಳಿದಳು.

"ಅಂದ್ರೆ ನನ್ನ ಡಿಗ್ರಿ ಡಿಗ್ರಿನೇ ಅಲ್ವಾ?"

"ಹಾಗಲ್ಲ ಕಣೇ..."

"ಮತ್ತೆ ಹೇಗೆ? ಇಪ್ಪತ್ತಾರು ವರ್ಷ ಪಾಠ ಮಾಡಿದೀನಿ. ಒಂದು ಟಿಕ್ ಹಾಕೋಕೆ ನಿನಗೇನು ಕಷ್ಟ? ಯಾರು ನೋಡ್ತಾರೆ?"

"ಆಮೇಲೆ ಯಾರಾದ್ರೂ ನೋಡಿದ್ರೆ? ಪ್ರಿನ್ಸಿಪಾಲ್ ಪಟ್ಟ ಇರ್ಲಿ, ಇರೋ ಕೆಲಸಾನೂ ಹೋಗುತ್ತೆ."

"ಯಾರ ತಪ್ಪು ಇದು? ಯಾರು ಕಳಿಸ್ಬೇಕಿತ್ತು?"

ಆಗ ಹೇಳಿಬಿಡಬೇಕಿತ್ತು. "ಮೇಷ್ಟ್ರು... ಮರೆತ್ರು ಅನ್ಸುತ್ತೆ" ಅಂದೆ.

ಥೂ. ಎಂಬತ್ತಾರರ ಮುದುಕರ ತಲೆಗೆ ಕಟ್ಟಿ ಬಂದೆ. ದಾರಿಯುದ್ದಕ್ಕೂ ನನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕೆನ್ನಿಸಿತು. ಬಸ್ಸಿನಲ್ಲಿ ಎರಡು ಸ್ಟಾಪು ಮುಂದೆ ಹೋಗಿ ಇಳಿದೆ.

ಫೆಬ್ರವರಿ 20, ಮಂಗಳವಾರ

ಐದು ದಿನ. ಪುಟ್ಟಿ ಫೋನ್ ಎತ್ತುತ್ತಿಲ್ಲ. ಒಂದು ವಾರ ಫೋನ್ ಮಾಡಬೇಡ ಎಂದವಳು ನಾನೇ. ಬಾಯಿಗೆ ಬಂದದ್ದು ನಿಜವಾಗುತ್ತದೆ.

ಇವರು ಕೇಳಿದರು, "ಏನಾಗಿದೆ ನಿನಗೆ? ಮರಿ ಹೊತ್ತ ಬೆಕ್ಕಿನ ಹಾಗೆ ಮನೆ ತುಂಬ ಓಡಾಡ್ತಿದೀಯ." ಏನೂ ಇಲ್ಲ ಅಂದೆ. ಗಂಡನಿಗೆ ಹೇಳಲು ಸುಲಭ. ತಂಗಿಗೆ ಹೇಳಬೇಕಾದ್ದನ್ನು ಮೊದಲು ಇವರಿಗೆ ಹೇಳಲು ಮನಸ್ಸಿಲ್ಲ.

ಇವತ್ತು ಹೆರಿಟೇಜ್ ವಾಲ್‌ಗೆ ಫೋಟೋ ಬಂತು. ಲಾರಿಯ ಮೇಲಿನ ನಾನು, ನಾಲ್ಕು ಅಡಿ ಎತ್ತರ. "ಸೂಪರ್ ಪಿಕ್ ಮೇಡಂ! ಆ ನಗು ನೋಡಿ!" ಡೈರೆಕ್ಟರ್ ತಾವೇ ನಿಂತು ನೇತು ಹಾಕಿಸಿದರು. ಪೆಟ್ಟಿಗೆಯ ಮುಚ್ಚಳ ಅರ್ಧ ತೆರೆದಿದೆ. ಒಳಗೊಂದು ಹಸಿರು ಫೈಲು. ಯಾರಿಗೂ ಕಾಣುವುದಿಲ್ಲ. ನನಗೆ ಬೇರೇನೂ ಕಾಣುತ್ತಿಲ್ಲ.

ರಿಸೆಪ್ಷನ್ ಬಿಟ್ಟು ಹಿಂದಿನ ಬಾಗಿಲಿನಿಂದ ಓಡಾಡುತ್ತಿದ್ದೇನೆ.

ಫೆಬ್ರವರಿ 21, ಬುಧವಾರ

ಪುಟ್ಟಿ ಆಫೀಸಿಗೇ ಬಂದಳು. ಶಾಲೆಯ ಸೀರೆಯಲ್ಲೇ. ಕೂರಲಿಲ್ಲ.

"ಆ ಪತ್ರ ತೋರ್ಸು."

ರೆಕಾರ್ಡ್ ರೂಮಿಗೆ ಕರೆದುಕೊಂಡು ಹೋದೆ. ಶುಕ್ರವಾರ ಇದೆಲ್ಲ ಶ್ರೆಡಿಂಗ್‌ಗೆ ಹೋಗುತ್ತದೆ ಎಂದೂ ಹೇಳಿದೆ. ಟೀಚರ್ ಓದುವ ಹಾಗೆ ಓದಿದಳು, ಸಾಲಿಗೆ ಬೆರಳಿಟ್ಟು. ಆಮೇಲೆ ರಿಜಿಸ್ಟರು ಕೇಳಿದಳು. ಕೊಡಬಾರದೆನ್ನಿಸಿತು. ಕೊಟ್ಟೆ.

"ಇದು ನಿನ್ನ ಅಕ್ಷರ ಅಲ್ವಾ?"

"ಹೂಂ. ಬೆಳಿಗ್ಗೆ ಅಂಚೆಗೆ ಹಾಕ್ಬೇಕಾಗಿದ್ದು ನಾನು ಕಣೇ. ಹಾಕ್ಲಿಲ್ಲ. ಪೆಟ್ಟಿಗೆಗೆ ತುಂಬಿದೆ. ಮೇಷ್ಟ್ರು ಅಂತ ಸುಳ್ಳು ಹೇಳ್ದೆ."

ಅತ್ತುಬಿಟ್ಟೆ. ಈ ವಯಸ್ಸಿನಲ್ಲಿ, ರ‍್ಯಾಕ್ ಹಿಡಿದುಕೊಂಡು. ಅವಳು ಸಮಾಧಾನ ಮಾಡಲಿಲ್ಲ. ಮುಖ ಕೆಂಪಾಗಿತ್ತು.

"ನನ್ನ ಶಾಲೆಯಲ್ಲೇ ನಮ್ಮ ಬ್ಯಾಚಿನವರು ಇನ್ನೂ ಇಬ್ಬರಿದ್ದಾರೆ. ನಾಳೆ ಅವರ ಫಾರ್ಮೂ ನಿನ್ನ ಹತ್ರ ಬರುತ್ತೆ. ಎಷ್ಟು ಜನಕ್ಕೆ ಟಿಕ್ ಹಾಕ್ತೀಯ?"

ರಿಜಿಸ್ಟರು ಮುಚ್ಚಿದೆ.

"ಶುಕ್ರವಾರ ಇದು ಚೂರಾಯ್ತು ಅಂದ್ಕೋ. ಆಮೇಲೆ ಯಾರಾದ್ರೂ ಕೆದಕಿದ್ರೆ ನಮ್ಮ ಕಡೆ ಏನಿದೆ? ನಾವು ಸರಿಯಾಗೇ ಓದಿ ಪಾಸಾದ್ವಿ, ತಪ್ಪು ಆಫೀಸಿಂದು ಅಂತ ಹೇಳೋಕೆ ಇದೊಂದೇ ಕಾಗದ ಅಕ್ಕ. ಇದನ್ನ ಈಗಲೇ ಮಂಡಳಿಗೆ ಕಳ್ಸು. ತಪ್ಪೊಪ್ಪಿಕೊಂಡು, ಎರಡೂ ಬ್ಯಾಚಿಗೆ ಹಿಂದಿನಿಂದ ಮಾನ್ಯತೆ ಕೇಳು."

"ಅವರು ಕೊಡದೆ ಇದ್ರೆ?"

"ಕೊಡದೆ ಇದ್ರೆ ಇಲ್ಲ." ಪತ್ರವನ್ನು ಫೈಲಿಗೆ ಸೇರಿಸಿ ದಾರ ಕಟ್ಟಿದಳು. "ನನ್ನ ಫಾರ್ಮಿನಲ್ಲಿ ಇಲ್ಲ ಅಂತ ಬರಿ. ಅಕ್ಷರ ಮಾತ್ರ ಆವತ್ತಿನ ಹಾಗೆ ಚೆನ್ನಾಗಿರ್ಲಿ."

ಬಾಗಿಲವರೆಗೆ ಹೋಗಿ ತಿರುಗಿದಳು. "ನಿನ್ನ ಮೇಲೆ ಸಿಟ್ಟು ಇದೆ. ಇನ್ನೂ ತುಂಬ ದಿನ ಇರುತ್ತೆ."

ಇರಲಿ. ಏಳನೇ ಪ್ರಶ್ನೆ — ಇಲ್ಲ. ಬರೆದೆ. ಅಕ್ಷರ ಮಾತ್ರ ಸೊಟ್ಟಗಾಯಿತು.

ಫೆಬ್ರವರಿ 22, ಗುರುವಾರ — ಮಧ್ಯಾಹ್ನ 3:50

ಮೇಷ್ಟ್ರ ಮನೆ ವರಾಂಡ. ಅರ್ಧ ದಿನ ರಜೆ. ಪುಟ್ಟಿಯ ಸ್ಕೂಟರಿನಲ್ಲಿ ಇಬ್ಬರೂ ಬಂದೆವು. ಹಸಿರು ಫೈಲು, ಮಂಡಳಿಗೆಂದು ರಾತ್ರಿ ಬರೆದ ಹೊಸ ಪತ್ರ, ಎರಡೂ ಚೀಲದಲ್ಲಿವೆ. ಡೈರೆಕ್ಟರ್‌ಗೆ ಗೊತ್ತಿಲ್ಲ. ಪತ್ರ ಮಂಡಳಿ ತಲುಪಿದರೆ ಸೋಮವಾರ ಗೊತ್ತಾಗುತ್ತದೆ. ಆಗ ಆಫೀಸಿನಲ್ಲಿ ನನ್ನ ಬೋರ್ಡು ಇರುತ್ತದೋ ಇಲ್ಲವೋ.

ಹಳೆಯ ಪತ್ರ ಕೈಗೆ ಕೊಟ್ಟಾಗ ಮೇಷ್ಟ್ರು ತಮ್ಮ ಸಹಿಯನ್ನೇ ಸವರಿದರು. ನಡೆದದ್ದೆಲ್ಲ ಹೇಳಿದೆ.

"ಅಯ್ಯೋ, ಇದು ಇನ್ನೂ ಮಲಗೇ ಇದ್ಯಾ?"

ಆಮೇಲೆ ಕಣ್ಣು ತುಂಬಿಕೊಂಡು, "ತಪ್ಪು ನಂದಮ್ಮ. ಬೆಳಿಗ್ಗೆ ಎದ್ದು ನಾನು ಓದ್ಬೇಕಿತ್ತು."

"ನಾನು ಕೇಳ್ಬೇಕಿತ್ತು ಸರ್."

"ಅರ್ಧರ್ಧ ಹಂಚ್ಕೊಳ್ಳಿ," ಅಂದಳು ಪುಟ್ಟಿ. "ಈಗ ಹೊಸ ಪತ್ರಕ್ಕೆ ಸಹಿ ಹಾಕಿ ಸರ್."

ಓದುತ್ತಿದ್ದಾರೆ. ಒಂದೊಂದು ಪದಕ್ಕೂ ನಿಲ್ಲುತ್ತಾರೆ. 'ತಪ್ಪು ಸಂಸ್ಥೆಯದು, ವಿದ್ಯಾರ್ಥಿಗಳದಲ್ಲ' ಎಂಬ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಆ ಧ್ವನಿ. ಚಪ್ಪಲಿ ಅಂಗಡಿಯ ಮಹಡಿ ನೆನಪಾಯಿತು.

4:22

ಸಹಿ ಆಯಿತು. ಕೆಳಗೆ ನನ್ನದೂ — ಅಂದಿನ ಗುಮಾಸ್ತೆ.

ಮೇಷ್ಟ್ರು ಪತ್ರವನ್ನು ನೀಟಾಗಿ ಜೋಡಿಸಿ ಮೇಜಿನ ಮೇಲಿಟ್ಟರು. ಕಿಟಕಿಯಿಂದ ಪೇಪರ್‌ವೇಟ್ ತಂದು ಅದರ ಮೇಲಿಟ್ಟರು.

"ಒಂದು ರಾತ್ರಿ ಮಲಗ್ಲಿ. ಬೆಳಿಗ್ಗೆ ಇನ್ನೊಂದ್ಸಲ ಓದಿ ಕಳ್ಸೋಣ."

ನಾನು ಪುಟ್ಟಿಯ ಮುಖ ನೋಡಿದೆ. ಅವಳು ನನ್ನದು. ಒಂದು ವಾರದಲ್ಲಿ ಮೊದಲ ಸಲ ಅವಳ ತುಟಿ ಅಲುಗಿತು. ನಗುವೋ, ಅಳುವೋ.

"ಬೇಡ ಸರ್," ಅಂದೆ. "ಇದರ ನಿದ್ದೆ ಮುಗಿದಿದೆ."

ಮೇಷ್ಟ್ರ ಕೈ ಪೇಪರ್‌ವೇಟಿನ ಮೇಲೇ ಇದೆ. ಯೋಚಿಸುತ್ತಿದ್ದಾರೆ. ಜೀವಮಾನದ ಪದ್ಧತಿ. ಅಂಚೆ ಕಚೇರಿ ಐದಕ್ಕೆ ಮುಚ್ಚುತ್ತದೆ. ಪುಟ್ಟಿ ಹೊರಗೆ ಹೋದಳು. ಸ್ಕೂಟರ್ ಸ್ಟಾರ್ಟ್ ಆಗುತ್ತಿಲ್ಲ. ಆಯಿತು. "ಅಕ್ಕಾ!" ಕೂಗುತ್ತಿದ್ದಾಳೆ.

4:36. ಮೇಷ್ಟ್ರು ಪೇಪರ್‌ವೇಟಿನಿಂದ ಕೈ ಎತ್ತಿದರು. ಪತ್ರ ನನ್ನ ಕೈಯಲ್ಲಿದೆ. ಚಪ್ಪಲಿ ಎಲ್ಲಿ —